ನಾಗಾವಿಯ ಘಟಿಕಾಸ್ಥಾನವೂ ಹೊಸ ವಿದ್ಯಾರ್ಥಿಯ ಮನಸ್ಸೂ

ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ಬೆಳೆದು, ಕಾಲೇಜಿನ ಮೊದಲ ವರ್ಷಕ್ಕೆಂದು ಹಾಸಿಗೆ ಪೆಟ್ಟಿಗೆಗಳೊಡನೆ ಕಲಬುರಗಿಯ ಹಾಸ್ಟೆಲನ್ನು ಸೇರುವ ಮಕ್ಕಳಿಗೆ, ಆರಂಭದ ಕೆಲವು ವಾರಗಳಲ್ಲಿ ಪಾಠಕ್ಕಿಂತಲೂ ಮನಸ್ಸನ್ನು ನೆಲೆಗೊಳಿಸಿಕೊಳ್ಳುವುದೇ ದುಸ್ಸಾಧ್ಯವೆನಿಸುವುದುಂಟು. ಅಂಥವರಿಗಾಗಿ ಉಸಿರಿನ ಮೇಲೆ ಗಮನವಿಟ್ಟು ಕುಳಿತುಕೊಳ್ಳುವ ಅಭ್ಯಾಸವನ್ನು ಈಗ ಅನೇಕ ವಿದ್ಯಾಲಯಗಳು ಕಲಿಸುತ್ತಿವೆ. ಇದರ ಪೂರ್ವವೃತ್ತಾಂತವನ್ನು ಅರಸುವವರು ಈ ಸೀಮೆಯನ್ನು ಬಿಟ್ಟು ಬಹುದೂರ ಹೋಗಬೇಕಾಗಿಲ್ಲ.

ಸೇಡಮ್ಮನ್ನು ದಾಟಿ ಚಿತ್ತಾಪುರಕ್ಕೆ ಬಂದರೆ ಅದರ ಮಗ್ಗುಲಲ್ಲಿಯೇ ನಾಗಾವಿ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನು ಆಳುತ್ತಿದ್ದಾಗ ಅವನ ದಂಡನಾಯಕ ಮಧುಸೂದನನು ಇಲ್ಲಿ ದೇವಾಲಯದೊಡನೆ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವೊಂದನ್ನು ನೆಲೆಗೊಳಿಸಿ, ವೇದವನ್ನೋದುವ 200 ಮಂದಿಯ ಮತ್ತು ಶಾಸ್ತ್ರವನ್ನೋದುವ ಐವತ್ತರಷ್ಟು ಮಂದಿಯ ಯೋಗಕ್ಷೇಮಕ್ಕಾಗಿ ಭೂಮಿಯನ್ನು ಬಿಟ್ಟನೆಂಬುದು 1058ರ ಶಾಸನದಿಂದ ತಿಳಿದುಬರುತ್ತದೆ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಗ್ರಂಥಗಳನ್ನು ಕಾಯುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರು. ಅನ್ನದ ಚಿಂತೆಯಲ್ಲಿರುವ ಚಿತ್ತಕ್ಕೆ ಏಕಾಗ್ರತೆಯನ್ನು ಬೋಧಿಸುವುದು ವ್ಯರ್ಥವೆಂಬ ತಿಳಿವು ಆ ದಾನಿಗೆ ಇದ್ದಿತೆಂದೇ ನಾನು ನಂಬುತ್ತೇನೆ.

ಇನ್ನು ವೇದಪಾಠದ ಕ್ರಮವೇ ಒಂದು ಮನೋನಿಗ್ರಹ. ಮೊದಲ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಕೂಡಿಸಿ ಹೇಳುವುದು ಕ್ರಮಪಾಠ. ಅದೇ ಜೋಡಿಯನ್ನು ಮುಂದಾಗಿ, ಹಿಂದಾಗಿ, ಮತ್ತೆ ಮುಂದಾಗಿ ಹೆಣೆಯುವುದು ಜಟಾಪಾಠ. ಮನಸ್ಸು ಕ್ಷಣಮಾತ್ರ ಮನೆಯತ್ತ ಹೊರಳಿದರೂ ನಾಲಗೆ ತಪ್ಪುವುದು, ಗುರುವು ಮೊದಲಿನಿಂದ ಹೇಳಿಸುವನು. ಆದರೆ ಆ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಅಧಿಕಾರ ಹೆಣ್ಣುಮಕ್ಕಳಿಗಿರಲಿಲ್ಲ, ದುಡಿಯುವ ಕುಲದವರಿಗೂ ಇರಲಿಲ್ಲವೆಂಬುದನ್ನು ನೆನೆದಾಗ ನನ್ನ ಹೆಮ್ಮೆ ಕುಂದುತ್ತದೆ. ಈ ಘಟಿಕಾಸ್ಥಾನಕ್ಕೂ ಎಷ್ಟೋ ಶತಮಾನಗಳ ಹಿಂದೆ ಇದೇ ಚಿತ್ತಾಪುರ ತಾಲ್ಲೂಕಿನ ಭೀಮಾತೀರದಲ್ಲಿ, ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಬೌದ್ಧರ ಮಹಾಸ್ತೂಪವು ಎದ್ದಿತ್ತು. ಶ್ವಾಸವನ್ನು ಗಮನಿಸುವ ಧ್ಯಾನವು ಬೌದ್ಧ ಪರಂಪರೆಯದೇ.

ನಿಜಾಮರ ಕಾಲಕ್ಕೆ ಪದವಿಯನ್ನು ಬಯಸಿದ ಇಲ್ಲಿನ ಯುವಕನು ಹೈದರಾಬಾದಿಗೆ ಹೋಗಬೇಕಾಗುತ್ತಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಆಗ ಉರ್ದುವಾಗಿತ್ತು. ಮನೆಯಲ್ಲಿ ಕನ್ನಡವನ್ನಾಡಿ ಬೆಳೆದವನಿಗೆ ಊರೂ ಹೊಸದು, ಪಾಠದ ನುಡಿಯೂ ಪರಕೀಯ. ಆ ಒಂಟಿತನವನ್ನು ಅವನೊಬ್ಬನೇ ನುಂಗಬೇಕಾಗಿತ್ತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿ ಹುಟ್ಟಿದ ಮೇಲೆ, 1980ರಲ್ಲಿ ವಿಶ್ವವಿದ್ಯಾಲಯವೂ ಬಂದ ಮೇಲೆ, ಆ ದೂರವು ಕಡಿಮೆಯಾಯಿತು.

ಬೌದ್ಧರ ಆ ಉಸಿರಿನ ಧ್ಯಾನವನ್ನು ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೋಗಿಗಳ ಒತ್ತಡಶಮನಕ್ಕೆ ಅಳವಡಿಸಿದರು. ಕ್ರಮೇಣ ಅದು ವಿದ್ಯಾಲಯಗಳನ್ನು ಹೊಕ್ಕಿತು. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ’ವೆಂಬ ಹೆಸರಿನಿಂದ ಹೊಸ ವಿದ್ಯಾರ್ಥಿಗಳ ಪ್ರವೇಶಕಾಲದ ಕಾರ್ಯಕ್ರಮವನ್ನು ರೂಪಿಸಿತು. ಇಂಥ ಕಾರ್ಯಕ್ರಮದಲ್ಲಿ ಧ್ಯಾನದ ತಾಸಿಗೆ ಎಡೆಯಿರಲಿ. ಆದರೆ ಹಾಸ್ಟೆಲಿನ ಕೋಣೆ, ಮೆಸ್ಸಿನ ಊಟ, ವಿದ್ಯಾರ್ಥಿವೇತನಗಳು ಅದಕ್ಕಿಂತ ಮೊದಲೇ ನಿಶ್ಚಿತವಾಗಿರಲಿ, ಮತ್ತು ಕಣ್ಣು ಮುಚ್ಚಿ ಕುಳಿತ ಐನಾಪುರದ ಮಗುವಿಗೆ ಉಸಿರನ್ನು ಗಮನಿಸೆಂದು ಹೇಳುವವರು ಕನ್ನಡದಲ್ಲಿಯೇ ಹೇಳಲಿ.