ಹೋರಾಟದ ಹಾಡು

ದಲಿತ, ರೈತ, ಕಾರ್ಮಿಕ ಚಳವಳಿಗಳ ಸಭೆ, ಮೆರವಣಿಗೆ, ಜಾಥಾಗಳಲ್ಲಿ ಗುಂಪಾಗಿ ಹಾಡಲೆಂದು 1970ರ ದಶಕದಿಂದೀಚೆಗೆ ಕನ್ನಡದಲ್ಲಿ ಬೆಳೆದ ಗೀತಪ್ರಕಾರ. ಕ್ರಾಂತಿಗೀತೆ, ಜಾಗೃತಿ ಗೀತೆ ಎಂದೂ ಕರೆಯುತ್ತಾರೆ. ತತ್ವಪದದ ಮಟ್ಟು, ತಮಟೆಯ ಗತ್ತು, ಲಾವಣಿಯ ಕಥನ, ಸಿನಿಮಾ ಹಾಡಿನ ಧಾಟಿ ಎಲ್ಲವೂ ಇದರಲ್ಲಿ ಬೆರೆತಿವೆ. ಜನರ ಬಾಯಿಗೆ ಒಗ್ಗುವ ಯಾವ ಮಟ್ಟನ್ನೂ ದೂರ ಇಡದ ಈ ಧಾರಾಳತನವೇ ಇದರ ಶಕ್ತಿ.

ಇದಕ್ಕೆ ನೆಲ ಹದಗೊಂಡದ್ದು ಬಹಳ ಹಿಂದೆ. ಶಿಶುನಾಳ ಶರೀಫರ (1819–1889) ಪದಗಳೂ ಕೈವಾರ ತಾತಯ್ಯನವರ ಪದಗಳೂ ಜಾತಿ, ಮತಗಳ ಗೋಡೆ ದಾಟಿ ಹಳ್ಳಿಗಳಲ್ಲಿ ಹರಡಿದ್ದವು. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಸುತ್ತಿನಂಥ ಬಯಲುಸೀಮೆಯ ಊರುಗಳಲ್ಲಿ ಭಜನೆಯ ಗುಂಪು ಎಂದರೆ ಒಬ್ಬರು ಹೇಳಿಕೊಡುವುದು, ಉಳಿದವರು ಸೊಲ್ಲು ಹಿಡಿಯುವುದು. ಹೋರಾಟದ ಹಾಡು ಈ ರೂಢಿಯನ್ನು ಹಾಗೆಯೇ ತೆಗೆದುಕೊಂಡಿತು. ತಮಟೆಯ ಮಾತು ಬೇರೆ. ಊರಹಬ್ಬಕ್ಕೂ ಸಾವಿಗೂ ತಮಟೆ ಬಾರಿಸುವುದು ಕೇರಿಯವರ ಮೇಲೆ ಹೇರಿದ್ದ ಚಾಕರಿಯಾಗಿತ್ತು. ಬೆಂಕಿಗೆ ಹಿಡಿದು ಕಾಯಿಸಿದ ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ತಮ್ಮ ಇಚ್ಛೆಯಿಂದ ಬಾರಿಸಿದಾಗ, ವಾದ್ಯದ ಜೊತೆಗೆ ಬಾರಿಸುವವರ ಸ್ಥಾನವೂ ಬದಲಾಯಿತು. ಈ ಪ್ರಕಾರದ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ.

1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಇದರಿಂದ ಗಲಭೆಗಳೆದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಕಾವಿನಲ್ಲಿ ಒಂದಾದ ತರುಣರಿಂದ, ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ, ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಓದು ಬಾರದವರನ್ನೂ ತಲುಪಬೇಕಾಗಿದ್ದ ಸಂಘಟನೆಗೆ ಕರಪತ್ರಕ್ಕಿಂತ ಹಾಡೇ ಹತ್ತಿರದ ದಾರಿಯಾಯಿತು.

ಆ ದಾರಿ ತೆರೆದವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ (1954–2021). ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಊರು ಬೈಗುಳವಾಗಿ ಬಳಸುತ್ತಿದ್ದ ಎರಡು ಜಾತಿಹೆಸರುಗಳನ್ನು ಒಟ್ಟಿಗೆ ತಂದು ಪುಸ್ತಕದ ಹಣೆಯ ಮೇಲೆ ಬರೆದ ಧೈರ್ಯ ಅದರದು. ‘ನನ್ನ ಜನಗಳು’ ಮೊದಲಾದ ಪದ್ಯಗಳಲ್ಲಿ ಕೇರಿಯ ಆಡುಮಾತು, ದುಡಿಮೆಯ ವಿವರ, ಸಿಟ್ಟು ಮೂರೂ ಕುಣಿಯುವ ಲಯಕ್ಕೆ ಬಂದವು. 1979ರಲ್ಲಿ ‘ಸಾವಿರಾರು ನದಿಗಳು’ ಬಂತು. ಪುಸ್ತಕ ನೋಡದವರೂ ಈ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡರು. ಎಷ್ಟೋ ಕಡೆ ಕವಿಯ ಹೆಸರು ತಿಳಿಯದೆಯೇ ಹಾಡಿದರು. ಕವಿಯೊಬ್ಬನಿಗೆ ಸಿಗಬಹುದಾದ ಹೆಚ್ಚಿನ ಗೌರವ ಇದು.

1979ರಲ್ಲಿಯೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕಾವ್ಯವನ್ನು ಖಡ್ಗಕ್ಕೆ ಹೋಲಿಸುವ ಅದರ ಹೆಸರಾಂತ ಘೋಷವಾಕ್ಯ ದೊಡ್ಡಬಳ್ಳಾಪುರದ ನೇಕಾರ ಮನೆತನದ ಡಿ.ಆರ್. ನಾಗರಾಜ್ (1954–1998) ಅವರದು. ಸಿದ್ಧಲಿಂಗಯ್ಯ ಮತ್ತು ನಾಗರಾಜ್ ಆಪ್ತ ಗೆಳೆಯರು.  ದಲಿತ ಚಳವಳಿ ಕೇವಲ ಆಕ್ರೋಶದಲ್ಲಿ ನಿಲ್ಲದೆ ತನ್ನ ಸಮುದಾಯಗಳ ದೈವ, ಕಥೆ, ಕಲೆಗಳ ಕಡೆಗೂ ತಿರುಗಬೇಕೆಂದು ನಾಗರಾಜ್ ಮುಂದೆ ವಾದಿಸಿದರು. ಹಾಡುಗಾರರು ಆ ಕೆಲಸವನ್ನು ಆಗಲೇ ಮಾಡುತ್ತಿದ್ದರು ಎನ್ನಬಹುದು.

ಹಾಡನ್ನು ಊರೂರಿಗೆ ಒಯ್ದವರಲ್ಲಿ ಮೈಸೂರಿನ ಜನ್ನಿ (ಎಚ್. ಜನಾರ್ದನ್), ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಪ್ರಮುಖರು. ಕೋಲಾರದವರೇ ಆದ ಕೋಟಿಗಾನಹಳ್ಳಿ ರಾಮಯ್ಯ ಹಾಡುಗಳನ್ನು ಕಟ್ಟಿಕೊಟ್ಟರು. ಕನ್ನಡ, ತೆಲುಗು ಎರಡನ್ನೂ ಮನೆಮಾತಿನಂತೆ ಆಡುವ ಆ ಸೀಮೆಯ ಹಾಡುಗಾರಿಕೆಯಲ್ಲಿ ತೆಲುಗು ಜನಪದದ ಏರುದನಿ ಸಹಜವಾಗಿ ಸೇರಿತು. 1975ರಲ್ಲಿ ಆರಂಭವಾದ ಸಮುದಾಯ ತಂಡ ಬೀದಿನಾಟಕಗಳ ಜೊತೆಗೆ ಹಾಡನ್ನೂ ಬೆಳೆಸಿತು. 1980ರ ನರಗುಂದ, ನವಲಗುಂದ ರೈತ ಬಂಡಾಯದ ನಂತರ ರೈತ ಸಂಘದ ಸಭೆಗಳಿಗೂ ಹಾಡು ಬೇಕಾಯಿತು.

ಹೊರಗಿನ ಜಗತ್ತಿನಲ್ಲಿ ಇದಕ್ಕೆ ಹತ್ತಿರದ ಪರಂಪರೆ ಲ್ಯಾಟಿನ್ ಅಮೆರಿಕದ್ದು. ಬೂಸಾ ಪ್ರಕರಣಕ್ಕೆ ಎರಡು ತಿಂಗಳು ಮುಂಚೆ ಚಿಲಿಯಲ್ಲಿ ಸೇನೆ ಅಧಿಕಾರ ಕಸಿದುಕೊಂಡು ಹಾಡುಗಾರ ವಿಕ್ಟರ್ ಹಾರನನ್ನು ಕೊಂದಿತ್ತು. ಲ್ಯಾಟಿನ್ ಅಮೆರಿಕದ ಪ್ರತಿಭಟನೆಯ ಹಾಡು ಮುಂದೆ ನಗರದ ಸಂಗೀತಕ್ಕೂ ದಾಟಿತು. ಪೋರ್ಟೊರಿಕೊದ ಕಾಯೆ ತ್ರೇಸೆ ತಂಡ 2010ರ ಆಲ್ಬಂನಲ್ಲಿ ರ‍್ಯಾಪ್, ರಾಕ್, ಕುಂಬಿಯಾಗಳನ್ನು ಬೆರೆಸಿ ಬಡವರ, ವಲಸಿಗರ ಬದುಕನ್ನು ಹಾಡಿತು. ಮರುವರ್ಷ ಒಂಬತ್ತು ಲ್ಯಾಟಿನ್ ಗ್ರ್ಯಾಮಿಗಳನ್ನು ಪಡೆಯಿತು. ಇತ್ತ ಚೆನ್ನೈಯಲ್ಲಿ 2018ರ ಆರಂಭದಲ್ಲಿ ವೇದಿಕೆಗೆ ಬಂದ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಗಾನಾ, ರ‍್ಯಾಪ್, ರಾಕ್ ಕೂಡಿಸಿ ಜಾತಿಯ ವಿರುದ್ಧ ಹಾಡಿತು.

ಕನ್ನಡದಲ್ಲಿ ಹೋರಾಟದ ಹಾಡು, ನಗರದ ಸಂಗೀತ ಎಂಬ ಈ ಎರಡು ಎಳೆಗಳು ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಹರಿದಿವೆ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹೊಸ ಕೇಳುಗರಿಗೆ ಮುಟ್ಟಿಸಿತು. ಅದರ ಒಲವು ಅನುಭಾವದ ಕಡೆಗೆ. ಬೆಂಗಳೂರಿನ ಕನ್ನಡ ರ‍್ಯಾಪ್‌ನಲ್ಲಿ ಎಂ.ಸಿ. ಬಿಜ್ಜು ಅವರಂಥವರು ರಾಜಕಾರಣವನ್ನು ನೇರವಾಗಿ ಪ್ರಶ್ನಿಸಿದ್ದಾರೆ. ತಮಟೆಯ ಹಾಡು ಮಾತ್ರ ಈಗಲೂ ಹೆಚ್ಚಾಗಿ ಸಭೆಗಳಲ್ಲಿ, ಅಂಬೇಡ್ಕರ್ ಜಯಂತಿಯ ಮೆರವಣಿಗೆಗಳಲ್ಲಿ ಕೇಳುತ್ತದೆ. ಪುಸ್ತಕಗಳಲ್ಲಿ ಉಳಿದಿರುವುದು ಹಾಡಿನ ಸಾಹಿತ್ಯ; ಮಟ್ಟುಗಳು ಹಾಡುವವರ ಕಂಠದಲ್ಲಿವೆ. ಮೊದಲ ತಲೆಮಾರಿನ ಹಾಡುಗಾರರಿಂದ ಅವನ್ನು ಪಾಠಾಂತರಗಳ ಸಮೇತ ಧ್ವನಿಮುದ್ರಿಸಿಕೊಳ್ಳುವುದು ತುರ್ತಾಗಿ ಆಗಬೇಕಾದ ಕೆಲಸ.