ಕೆಂಪು ಅಕ್ಷರದ ಹಿಂದಿದ್ದ ಡ್ರಮ್ಮರ್

ಕಪ್ಪು ಪರದೆ, ಸಿಂಥಸೈಜರ್ ಸದ್ದು, ಕೆಂಪಗೆ ಹೊಳೆಯೋ ದಪ್ಪ ಅಕ್ಷರಗಳು ನಿಧಾನವಾಗಿ ಬಂದು ಕೂಡಿಕೊಳ್ಳುತ್ತವೆ: ‘ಸ್ಟ್ರೇಂಜರ್ ಥಿಂಗ್ಸ್’. ಕಥೆ ಶುರುವಾಗೋದು 1983ರಲ್ಲಿ. ಆಗಿನ್ನೂ ಹುಟ್ಟೇ ಇರದವರಿಗೂ ಆ ಅಕ್ಷರ ಕಂಡ ಕೂಡಲೇ ‘ಹಳೇ ಕಾಲ’ ಅನ್ನಿಸುತ್ತೆ. ಯಾಕೆ?

ಆ ಫಾಂಟಿನ ಹೆಸರು ಐಟಿಸಿ ಬೆಂಗ್ಯಾಟ್. ಇದು ಸೆರಿಫ್ ಜಾತಿಯದು. ಅಂದ್ರೆ ಅಕ್ಷರದ ಗೆರೆ ಮುಗಿಯುವಲ್ಲಿ ಪುಟ್ಟ ಪಾದದಂಥ ಚಾಚು ಇರುತ್ತೆ. ಇನ್ನು ಐಟಿಸಿ ಅಂದ್ರೆ ನಮ್ಮ ಬಿಸ್ಕತ್ತಿನ ಕಂಪನಿ ಅಲ್ಲ. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಟೈಪ್‌ಫೇಸ್ ಕಾರ್ಪೊರೇಷನ್.

ಬಿಡಿಸಿದವರು ಎಡ್ ಬೆಂಗ್ಯಾಟ್. 1927ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, ಮೊದಲು ಜಾಝ್ ಡ್ರಮ್ಮರ್ ಆಗಿದ್ದವರು. ಆಮೇಲೆ ಕೈಗೆ ಬಂದದ್ದು ಅಕ್ಷರದ ಕೆಲಸ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಸರಿನ ಪಟ್ಟಿಯನ್ನು 60ರ ದಶಕದಲ್ಲಿ ತಿದ್ದಿ ಬರೆದವರೂ ಇವರೇ.

ಆ ಹೊತ್ತಿಗೆ ಮುದ್ರಣವೇ ಬದಲಾಗ್ತಿತ್ತು. ಮೊದಲೆಲ್ಲ ಒಂದೊಂದು ಅಳತೆಗೂ ಲೋಹದ ಮೊಳೆಗಳನ್ನು ಬೇರೆಬೇರೆಯಾಗಿ ಎರಕ ಹೊಯ್ಯಬೇಕಿತ್ತು. ಈಗ ಅಕ್ಷರ ಫಿಲ್ಮಿಗೆ ಬಂತು. ಅದರ ಮೂಲಕ ಬೆಳಕು ಹಾಯಿಸಿದ್ರೆ ಸಾಕು, ಫೋಟೋ ಕಾಗದದ ಮೇಲೆ ಬೇಕಾದ ಅಳತೆಗೆ ಮೂಡುತ್ತೆ. ಒತ್ತೊತ್ತಾಗಿ ಜೋಡಿಸಬಹುದು, ಒಂದರ ಮೇಲೊಂದು ಹತ್ತಿಸಬಹುದು. ಬಳುಕುವ ಅಲಂಕಾರದ ಅಕ್ಷರಗಳಿಗೆ ದಾರಿ ಸಲೀಸಾಯ್ತು.

70ರ ದಶಕದ ಕೊನೆಗೆ ಬೆಂಗ್ಯಾಟ್ ಈ ಫಾಂಟ್ ಬಿಡಿಸಿದಾಗ ಅವರ ಕಣ್ಣಿದ್ದದ್ದು ಇನ್ನೂ ಹಿಂದಕ್ಕೆ, 1900ರ ಆಸುಪಾಸಿನ ಆರ್ಟ್ ನೂವೊ ಶೈಲಿಯ ಕಡೆ. ಪ್ಯಾರಿಸ್ ಮೆಟ್ರೊದ ಬಳ್ಳಿಯಂತೆ ಬಾಗಿದ ಕಬ್ಬಿಣದ ದ್ವಾರಗಳ ಫೋಟೋ ನೋಡಿದ್ದೀರಲ್ಲ, ಅದೇ. 80ರ ದಶಕದಲ್ಲಿ ಈ ಫಾಂಟ್ ಪುಸ್ತಕದ ರಕ್ಷಾಪುಟಗಳಿಗೆ ಬಂತು. 2016ರಲ್ಲಿ ಸೀರೀಸ್ ಶೀರ್ಷಿಕೆ ಮಾಡಿದವರು ಅಂಥ ಹಳೇ ರಕ್ಷಾಪುಟಗಳನ್ನೇ ಮುಂದಿಟ್ಟುಕೊಂಡರು. ಅಂದ್ರೆ ನಾವು ನೋಡಿದ ‘80ರ ದಶಕ’ದೊಳಗೆ 1900 ಅಡಗಿ ಕೂತಿತ್ತು. ಆ ಶೀರ್ಷಿಕೆಗೆ 2017ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು.

ಇಲ್ಲೊಂದು ತೊಡಕಿದೆ. ಹಳೇದು ಅನ್ನಿಸಿದ್ದು ಯಾರದ್ದೂ ಅಲ್ಲ ಅಂತ ಅನ್ನಿಸಿಬಿಡುತ್ತೆ. 1978ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಅಕ್ಷರವಿನ್ಯಾಸಕ್ಕೆ ಕಾಪಿರೈಟ್ ಸಿಗಲ್ಲ ಅಂತ ತೀರ್ಪು ಕೊಟ್ಟಿತು. ಅಲ್ಲಿ ಇವತ್ತಿಗೂ ಫಾಂಟಿನ ಸಾಫ್ಟ್‌ವೇರಿಗೆ ಕಾಪಿರೈಟ್ ಉಂಟು, ಬರೀ ಆಕಾರಕ್ಕಿಲ್ಲ. ಅದೇ ಆಕಾರವನ್ನು ಇನ್ನೊಬ್ಬರು ಬೇರೆ ಹೆಸರಲ್ಲಿ ಬಿಡಿಸಿ ಮಾರಿದ್ರೆ ಬಿಡಿಸಿದವರ ಹೆಸರೇ ಅಳಿಸಿಹೋಗುತ್ತೆ.

ಬೆಂಗ್ಯಾಟ್ 2020ರ ಅಕ್ಟೋಬರ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಫಾಂಟಿನ ಮೇಲಾದರೂ ಉಳಿದಿದೆ. ಮುಂದಿನ ಸಲ ಎಡಿಟಿಂಗ್ ಆ್ಯಪ್‌ನಲ್ಲಿ ‘ರೆಟ್ರೊ’ ಅಕ್ಷರ ಆರಿಸುವಾಗ ಬೆರಳನ್ನು ಒಂದು ಕ್ಷಣ ನಿಲ್ಲಿಸಿ, ಅದನ್ನು ಬಿಡಿಸಿದ್ದು ಯಾರು ಅಂತ ಹುಡುಕಿ ನೋಡಿ. ಮತ್ತೆ ಸಿಗೋಣ.