ಮುಧೋಳ ನಾಯಿಯ ಎದೆಗೂಡು

ಕವಿ ರನ್ನನ ಹೆಸರನ್ನು ತನ್ನ ಹೆಸರಿಗೆ ಕೂಡಿಸಿಕೊಂಡ ರನ್ನ ಬೆಳಗಲಿ ಇರುವ ಮುಧೋಳ ಸೀಮೆಯು ಉದ್ದ ಮೋರೆಯ, ಸಣ್ಣ ನಡುವಿನ ಬೇಟೆನಾಯಿಗೂ ಹೆಸರಾದುದು. ಪಶ್ಚಿಮ ಏಷ್ಯಾದಿಂದ ದಖ್ಖನಿಗೆ ಬಂದ ವರ್ತಕರ ಸಾರ್ಥಗಳೊಡನೆ ಇದರ ಪೂರ್ವಜ ನಾಯಿಗಳು ಬಂದವೆಂಬ ನಂಬಿಕೆಯಿಂದ ಇದಕ್ಕೆ ಕಾರವಾನ್ ನಾಯಿ ಎಂಬ ಹೆಸರೂ ಉಂಟು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ತಳಿಯನ್ನು ಪೋಷಿಸಿ, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ ಮೇಲೆ ಊರಿನ ಹೆಸರೇ ಪ್ರಸಿದ್ಧವಾಯಿತು.

ಮೊಲದ ಬೆನ್ನಟ್ಟುವ ನಾಯಿಗೆ ಕಾಲು ಉದ್ದವಿದ್ದರೆ ಸಾಲದು, ಎದೆಯೂ ಮೊಣಕೈ ಮಟ್ಟಕ್ಕೆ ಇಳಿದಿರಬೇಕು. ಆ ಎದೆಗೂಡಿನೊಳಗೆ ನಡೆಯುವುದು ಇಷ್ಟು: ಮೈಯೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡ ರಕ್ತವು ಹೃದಯದ ಬಲಭಾಗಕ್ಕೆ ಬಂದು, ಬಲ ಹೃತ್ಕುಕ್ಷಿ, ಅಂದರೆ ಕೆಳಗಿನ ಗೂಡು, ಒತ್ತಿದಾಗ ಶ್ವಾಸಕೋಶದ ಅಪಧಮನಿಯ ಮೂಲಕ ಸಾಗಿ, ಕೂದಲಿಗಿಂತಲೂ ಸಣ್ಣನೆಯ ಲೋಮನಾಳಗಳಲ್ಲಿ ಗಾಳಿಯ ಚೀಲಗಳ ಮಗ್ಗುಲಿಗೇ ಹರಿದು, ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಆಮ್ಲಜನಕವನ್ನು ತುಂಬಿಕೊಂಡು, ಅಭಿಧಮನಿಗಳ ಮೂಲಕ ಎಡಭಾಗಕ್ಕೆ ಮರಳುತ್ತದೆ. ಮೈಗೆ ಹೋಗುವ ರಕ್ತವೆಲ್ಲ ಪ್ರತಿ ಸುತ್ತಿನಲ್ಲೂ ಈ ದಾರಿಯನ್ನು ಹಾಯಲೇಬೇಕಾದುದರಿಂದ, ಹೃದಯವೂ ಶ್ವಾಸಕೋಶವೂ ದೊಡ್ಡದಾದ ನಾಯಿಗೆ ಓಟದಲ್ಲಿ ಅನುಕೂಲ ಹೆಚ್ಚು. ಬೇಟೆಗಾರರಿಗೆ ಕಾರಣ ತಿಳಿದಿರಬೇಕಾಗಿರಲಿಲ್ಲ. ಓಟ ನೋಡಿ ಮರಿ ಆರಿಸಿದರೆ ಎದೆ ತಾನಾಗಿ ಜೊತೆಗೆ ಬರುತ್ತಿತ್ತು.

ಕಾರಣ ತಿಳಿಯಲು ಜಗತ್ತಿಗೇ ಬಹುಕಾಲ ಹಿಡಿಯಿತು. ರನ್ನನು ಬದುಕಿದ್ದ 10ನೆಯ ಶತಮಾನದಲ್ಲಿ ಅರಬ್ಬಿ ಮತ್ತು ಯುರೋಪಿನ ವೈದ್ಯರು, ಹೃದಯದ ನಡುಗೋಡೆಯ ಕಾಣದ ರಂಧ್ರಗಳಿಂದ ರಕ್ತವು ಬಲದಿಂದ ಎಡಕ್ಕೆ ಜಿನುಗುತ್ತದೆಂಬ ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಮಾತನ್ನೇ ಒಪ್ಪಿದ್ದರು. 1242ರಲ್ಲಿ ಅರಬ್ಬಿ ವೈದ್ಯ ಇಬ್ನ್ ಅಲ್ ನಫೀಸ್ ಆ ಗೋಡೆಯಲ್ಲಿ ರಂಧ್ರವಿಲ್ಲ, ರಕ್ತವು ಶ್ವಾಸಕೋಶವನ್ನು ಸುತ್ತಿಯೇ ಬರಬೇಕು ಎಂದು ಬರೆದನು. ಯುರೋಪಿನಲ್ಲಿ ಇದಕ್ಕೆ ಕಣ್ಣಾರೆ ಕಂಡ ಸಾಕ್ಷ್ಯ ಒದಗಿದ್ದು ನಾಯಿಗಳಿಂದಲೇ: 1559ರಲ್ಲಿ ಅಚ್ಚಾದ ಗ್ರಂಥದಲ್ಲಿ ಇಟಲಿಯ ಅಂಗರಚನಾಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ, ಜೀವಂತ ನಾಯಿಗಳನ್ನು ಸೀಳಿ ನೋಡಿದಾಗ ಶ್ವಾಸಕೋಶದ ಅಭಿಧಮನಿಯಲ್ಲಿ ಗಾಳಿಯಲ್ಲ, ರಕ್ತವೇ ತುಂಬಿತ್ತೆಂದು ದಾಖಲಿಸಿದನು. ಈ ಜ್ಞಾನದ ಬೆಲೆ ತೆತ್ತವು ಆ ನಾಯಿಗಳೆಂಬುದನ್ನೂ ಚರಿತ್ರೆ ಬರೆದಿಡಬೇಕು. 1628ರಲ್ಲಿ ಇಂಗ್ಲಿಷ್ ವೈದ್ಯ ಹಾರ್ವೆ ದೇಹದ ಇಡೀ ಸುತ್ತನ್ನು ತೋರಿಸಿದನು. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು.

ಬೇಟೆ ಕಾನೂನಿನ ಕಟ್ಟಿಗೆ ಒಳಗಾದ ಮೇಲೆ ಮುಧೋಳ ನಾಯಿ ಕಾವಲಿಗೂ ಸೇನೆಗೂ ಸಂದಿತು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿತು. ಈಗ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ಈ ತಳಿಯ ಮರಿಗಳನ್ನು ಬೆಳೆಸುತ್ತಿದೆ.